ತೀರ್ಪುಗಾರರ ಕೈ

ಮಾತು ತಲುಪದ ದೂರವನ್ನು ಕೈಸನ್ನೆ ತಲುಪುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಹಸುರಾದ ಗಂಗಾವತಿಯ ಬತ್ತದ ಗದ್ದೆಗಳಲ್ಲಿ ಈ ಬದುವಿನ ರೈತನು ಆ ಬದುವಿನವನಿಗೆ ನೀರು ಸಾಕೆಂದು ತಿಳಿಸಬೇಕಾದರೆ ಕೂಗುವುದಕ್ಕಿಂತ ಕೈಯೆತ್ತುವುದೇ ಲೇಸು. ಕೊಪ್ಪಳದ ಗವಿಮಠದ ಜಾತ್ರೆಯ ಜನಸಾಗರದಲ್ಲಿ ತಂದೆಯು ಮಗನನ್ನು ಕರೆಯುವುದೂ ಕೈಬೀಸಿಯೇ. ಆಟದ ಬಯಲು ಸಹ ಇಂಥದೇ ಗದ್ದಲದ ನೆಲೆ. ಅಲ್ಲಿ ಕ್ಷಣಕ್ಷಣಕ್ಕೂ ನ್ಯಾಯ ಹೇಳಬೇಕಾದವರು ತಮ್ಮ ತೀರ್ಪನ್ನು ನೂರಾರು ಜನರಿಗೆ ಒಮ್ಮೆಗೇ ತಿಳಿಸುವ ಬಗೆ ಹೇಗೆ? ಬ್ಯಾಸ್ಕೆಟ್‌ಬಾಲ್ ಆಟವು ಇದಕ್ಕೆ ಕಂಡುಕೊಂಡ ಉತ್ತರವು ಅಭ್ಯಾಸಯೋಗ್ಯವಾದುದು.

ನಮ್ಮ ನಾಡಿನ ಕಬಡ್ಡಿಯಲ್ಲಿ ತೀರ್ಪುಗಾರರ ಕಿವಿಗೆ ಕೆಲಸ ಹೆಚ್ಚು. ದಾಳಿಗೆ ಹೋದವನ ಉಲಿ ನಡುವೆ ಕಡಿಯಿತೇ ಇಲ್ಲವೇ ಎಂಬುದನ್ನು ಅವರು ಆಲಿಸಿ ನಿರ್ಣಯಿಸಬೇಕು. ಬ್ಯಾಸ್ಕೆಟ್‌ಬಾಲಿನಲ್ಲಿ ಎಲ್ಲವೂ ಕಣ್ಣಿನ ಕೆಲಸ; ಕಣ್ಣು ಕಂಡದ್ದನ್ನು ಸಾರುವುದು ಕೈಯ ಕೆಲಸ.

ಈ ಆಟವು ಹುಟ್ಟಿದುದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ಒಂದು ವ್ಯಾಯಾಮಶಾಲೆಯಲ್ಲಿ. ಕೆನಡಾ ದೇಶದಲ್ಲಿ ಜನಿಸಿದ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕನು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ಯೋಚಿಸಿ, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿಸಿ, ಹದಿಮೂರು ನಿಯಮಗಳನ್ನು ಬರೆದನು. ಆ ನಿಯಮಗಳಲ್ಲಿಯೇ ಇಬ್ಬರು ತೀರ್ಪುಗಾರರ ಪ್ರಸ್ತಾಪವಿದೆ. ಒಬ್ಬನು ಆಟಗಾರರ ನಡತೆಯನ್ನು ನೋಡಬೇಕು, ಇನ್ನೊಬ್ಬನು ಚೆಂಡನ್ನು ನೋಡಬೇಕು. ಗೆರೆಯ ಹೊರಗೆ ಹೋದ ಚೆಂಡನ್ನು ಒಳಗೆ ಎಸೆಯುವವನಿಗೆ ಐದು ಸೆಕೆಂಡುಗಳ ಕಾಲಾವಕಾಶವೆಂದೂ, ಮೀರಿದರೆ ಚೆಂಡು ಎದುರಾಳಿಗಳದೆಂದೂ ಒಂಬತ್ತನೆಯ ನಿಯಮವು ಹೇಳುತ್ತದೆ. ಚೆಂಡನ್ನು ಹಿಡಿದುಕೊಂಡು ಆಟವನ್ನು ತಡೆಯುವವನಿಗೆ ಐದು ಸೆಕೆಂಡು ಸಾಕು ಎಂಬ ಎಣಿಕೆ ಈ ಆಟದ ಜೊತೆಯಲ್ಲಿಯೇ ಹುಟ್ಟಿತೆನ್ನಬಹುದು. 1932ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವು ಸ್ಥಾಪಿತವಾಯಿತು; 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ ಈ ಆಟವು ಸೇರಿತು. ಭಾರತದಲ್ಲಿ ಇಂದು ಅನುಸರಿಸುವುದು ಈ ಒಕ್ಕೂಟದ ನಿಯಮಗಳನ್ನೇ.

ಇನ್ನು ಸಂಜ್ಞೆಗಳ ವಿಚಾರ. ತೀರ್ಪುಗಾರರು ಪೀಪಿ ಊದಿದೊಡನೆ ಒಂದು ಕೈಯನ್ನು ನೇರವಾಗಿ ಮೇಲೆತ್ತುತ್ತಾರೆ. ಆ ಕೈಯ ತುದಿಯನ್ನು ನೋಡಿರಿ. ಬೆರಳುಗಳು ಕೂಡಿಕೊಂಡು ಅಂಗೈ ತೆರೆದಿದ್ದರೆ ನಡೆದುದು ನಿಯಮದ ಉಲ್ಲಂಘನೆ. ಮುಷ್ಟಿ ಬಿಗಿದಿದ್ದರೆ ಫೌಲ್, ಎಂದರೆ ಎದುರಾಳಿಯ ಮೈಗೆ ಸಂಬಂಧಿಸಿದ ಅಪರಾಧ. ಮೇಜಿನ ಬಳಿ ಕುಳಿತ ಕಾಲಪಾಲಕನು ಎರಡಕ್ಕೂ ಗಡಿಯಾರವನ್ನು ನಿಲ್ಲಿಸುತ್ತಾನೆ. ಮೊದಲನೆಯದಕ್ಕೆ ಚೆಂಡು ಮಾತ್ರ ಕೈತಪ್ಪುತ್ತದೆ. ಎರಡನೆಯದು ಆಟಗಾರನ ಲೆಕ್ಕಕ್ಕೆ ಸೇರುತ್ತದೆ, ಅಂಥ ಐದು ಸೇರಿದರೆ ಅವನು ಅಂಕಣವನ್ನು ಬಿಡಬೇಕು. ಇಷ್ಟು ದೊಡ್ಡ ಅಂತರವನ್ನು ಬೆರಳುಗಳನ್ನು ಮಡಿಸುವುದರಿಂದಲೇ ತೋರಿಸಿಬಿಡುವ ಈ ಏರ್ಪಾಡು ಎಷ್ಟು ಮಿತವ್ಯಯದ್ದು!

ಉಳಿದ ಸಂಜ್ಞೆಗಳು ಬಹುಮಟ್ಟಿಗೆ ನಡೆದ ಸಂಗತಿಯ ಚಿತ್ರಗಳೇ ಆಗಿವೆ. ಚೆಂಡು ಹಿಡಿದು ಹೆಜ್ಜೆ ಮೀರಿದರೆ ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಾರೆ. ತಳ್ಳಿದರೆ ತಳ್ಳುವ ಅಭಿನಯ. ಹಿಡಿದರೆ ತಮ್ಮ ಮಣಿಕಟ್ಟನ್ನೇ ಹಿಡಿದು ತೋರಿಸುತ್ತಾರೆ. ಅಡ್ಡಗಟ್ಟಿದರೆ ಎರಡೂ ಕೈಗಳು ಸೊಂಟದ ಮೇಲೆ. ಕಲಿಯದವನಿಗೂ ಇವು ಅರ್ಧ ಅರ್ಥವಾಗುತ್ತವೆ. ಗಂಗಾವತಿಯ ಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವಂತೆ ಆಟದ ಜಗತ್ತಿನಲ್ಲಿ ಹತ್ತಾರು ಭಾಷೆಗಳಿವೆ. ಕೈಯ ಭಾಷೆ ಮಾತ್ರ ಒಂದೇ.

ಅಪರಾಧ ಯಾವುದೆಂದು ತಿಳಿದರೆ ಸಾಲದು, ಯಾರದೆಂದೂ ತಿಳಿಯಬೇಕು. ಆನೆಗೊಂದಿಯ ಪರಿಸರವೇ ಕಿಷ್ಕಿಂಧೆ ಎಂಬ ನಂಬಿಕೆ ನಮ್ಮ ಜನರಲ್ಲಿದೆಯಷ್ಟೆ. ಅಲ್ಲಿ ವಾಲಿ ಸುಗ್ರೀವರು ಹೋರಾಡುವಾಗ ಒಂದೇ ರೂಪಿನ ಅಣ್ಣತಮ್ಮಂದಿರಲ್ಲಿ ಯಾರು ಯಾರೆಂದು ತಿಳಿಯದೆ ರಾಮನು ಬಾಣವನ್ನು ಬಿಡಲಾರದೆ ಹೋದನು; ಎರಡನೆಯ ಸಲ ಸುಗ್ರೀವನ ಕೊರಳಿಗೆ ಹೂಮಾಲೆಯನ್ನು ಹಾಕಿ ಕಳುಹಿಸಬೇಕಾಯಿತು. ಬ್ಯಾಸ್ಕೆಟ್‌ಬಾಲಿನಲ್ಲಿ ಆ ಮಾಲೆಯ ಕೆಲಸವನ್ನು ಅಂಗಿಯ ಮೇಲಿನ ಸಂಖ್ಯೆ ಮಾಡುತ್ತದೆ. ಬಹುಕಾಲ ಈ ಸಂಖ್ಯೆಗಳು 4ರಿಂದ 15ರವರೆಗೆ ಮಾತ್ರ ಇದ್ದುವು. ಎರಡು ಕೈಗಳ ಬೆರಳುಗಳಿಂದಲೇ ಅವನ್ನು ತೋರಿಸಬಹುದಾಗಿತ್ತು. 2014ರಿಂದ 99ರವರೆಗಿನ ಸಂಖ್ಯೆಗಳಿಗೆ ಅನುಮತಿ ದೊರೆತ ಮೇಲೆ ದೊಡ್ಡ ಸಂಖ್ಯೆಗಳಿಗೆ ಹೊಸ ಉಪಾಯ ಬೇಕಾಯಿತು. 24 ಎನ್ನಬೇಕಾದರೆ ಮೊದಲು ಕೈಯ ಹಿಂಬದಿಯನ್ನು ಮೇಜಿನವರಿಗೆ ತೋರಿಸಿ ಎರಡು ಬೆರಳು, ಬಳಿಕ ಅಂಗೈಯನ್ನು ತೋರಿಸಿ ನಾಲ್ಕು ಬೆರಳು. ಗಣಿತದಲ್ಲಿ ನೀವು ಕಲಿತ ಹತ್ತರ ಸ್ಥಾನ, ಬಿಡಿಯ ಸ್ಥಾನಗಳು ಇಲ್ಲಿ ಕೈಯ ಎರಡು ಮುಖಗಳಾಗಿವೆ.

ಇವೆಲ್ಲ ನಡೆದು ಮುಗಿದುದನ್ನು ಸಾರುವ ಸಂಜ್ಞೆಗಳು. ನಡೆಯುತ್ತಿರುವುದನ್ನೇ ತೋರಿಸುತ್ತ ಹೋಗುವ ಸಂಜ್ಞೆಯೊಂದಿದೆ. ಅದೇ ನಿಕಟ ಕಾವಲಿನ ಎಣಿಕೆ. ನನ್ನ ದೃಷ್ಟಿಯಲ್ಲಿ ತೀರ್ಪುಗಾರರ ನಿಜವಾದ ಪರೀಕ್ಷೆಯು ಇಲ್ಲಿಯೇ.

ಕುಷ್ಟಗಿಯ ಬಾಲಿಕೆಯರ ತಂಡಕ್ಕೂ ಯಲಬುರ್ಗಾದ ಬಾಲಿಕೆಯರ ತಂಡಕ್ಕೂ ಪಂದ್ಯ ನಡೆಯುತ್ತಿದೆಯೆಂದು ಭಾವಿಸೋಣ. ಅರ್ಧ ನಿಮಿಷ ಉಳಿದಿದೆ. ಕುಷ್ಟಗಿಯವರು ಒಂದು ಅಂಕದಿಂದ ಮುಂದಿದ್ದಾರೆ. ಅವರ ಆಟಗಾರ್ತಿಯೊಬ್ಬಳು ಚೆಂಡನ್ನು ಪುಟಿಸುತ್ತ ಬಂದು ಪಕ್ಕದ ಗೆರೆಯ ಬಳಿ ಎರಡೂ ಕೈಗಳಿಂದ ಹಿಡಿದು ನಿಂತಿದ್ದಾಳೆ. ಹಿಡಿದ ಮೇಲೆ ಮತ್ತೆ ಪುಟಿಸುವಂತಿಲ್ಲ. ಗೆಳತಿಗೆ ಕೊಡಬೇಕು ಇಲ್ಲವೇ ಬುಟ್ಟಿಗೆ ಎಸೆಯಬೇಕು. ಯಲಬುರ್ಗಾದವಳು ಎದುರಿಗೆ ಬಂದು ಮುಖಾಮುಖಿಯಾಗಿ ಎರಡೂ ಪಾದಗಳನ್ನು ನೆಲಕ್ಕೂರಿ ಅಡ್ಡ ನಿಂತಳು. ಇಬ್ಬರ ನಡುವಣ ಅಂತರ ಒಂದು ಮೀಟರಿಗಿಂತ ಹೆಚ್ಚಿಲ್ಲ. ಆ ಗಳಿಗೆಯಿಂದ ಚೆಂಡುಳ್ಳವಳಿಗೆ ಐದು ಸೆಕೆಂಡು ಮಾತ್ರ. ತೀರ್ಪುಗಾರರ ಕೈ ಒಂದೊಂದು ಸೆಕೆಂಡಿಗೆ ಒಂದೊಂದು ಸಲ ಬೀಸುತ್ತ ಎಣಿಸತೊಡಗುತ್ತದೆ.

ಇಲ್ಲಿ ನಿರ್ಣಯಿಸಬೇಕಾದುವು ಎಷ್ಟು! ಚೆಂಡು ಕೈಯಲ್ಲಿದೆಯೇ, ಪುಟಿಯುತ್ತಿದೆಯೇ? ಪುಟಿಯುತ್ತಿದ್ದರೆ ಎಣಿಕೆಯಿಲ್ಲ. ಕಾವಲುಗಾರ್ತಿಯು ನಿಜವಾಗಿ ತಡೆಯುತ್ತಿದ್ದಾಳೆಯೇ, ಸುಮ್ಮನೆ ಹತ್ತಿರದಲ್ಲಿದ್ದಾಳೆಯೇ? ಅಂತರವೆಷ್ಟು? ಅಳೆಯಲು ಅಲ್ಲಿ ಕೋಲಿಲ್ಲ. ನಮ್ಮ ಹಿರಿಯರ ಅಳತೆಯಲ್ಲಿ ಹೇಳುವುದಾದರೆ ಒಂದು ಮೀಟರ್ ಎಂದರೆ ಎರಡು ಮೊಳಕ್ಕಿಂತ ತುಸು ಹೆಚ್ಚು. ಅಮೆರಿಕದ ಪ್ರೌಢಶಾಲೆಗಳ ನಿಯಮದಲ್ಲಿ ಈ ಅಂತರ ಆರು ಅಡಿ, ಎಂದರೆ ಸುಮಾರು ಒಂದು ಮಾರು. ಅಲ್ಲಿ ಮುಂದಿನ ಅರ್ಧಾಂಕಣದಲ್ಲಿ ಚೆಂಡನ್ನು ಪುಟಿಸುವವನ ಮೇಲೂ ಎಣಿಕೆ ನಡೆಯುತ್ತದೆ. ಅಲ್ಲಿಯ ಪಂದ್ಯಗಳನ್ನು ತೆರೆಯ ಮೇಲೆ ನೋಡಿ ಇಲ್ಲಿಯ ತೀರ್ಪುಗಾರರೊಡನೆ ವಾದಕ್ಕಿಳಿಯುವ ಬಾಲಕರು ಈ ಭೇದವನ್ನು ನೆನಪಿಡುವುದು ಒಳ್ಳೆಯದು.

ತೀರ್ಪುಗಾರರು ನಿಲ್ಲುವ ಸ್ಥಳವೂ ಮುಖ್ಯವಾದುದು. ಆಟಗಾರ್ತಿಯ ಬೆನ್ನ ಹಿಂದೆ ನೇರವಾಗಿ ನಿಂತರೆ ಇಬ್ಬರೂ ಒಂದೇ ಗೆರೆಯಲ್ಲಿ ಕಂಡು ನಡುವಣ ಬಯಲು ಮರೆಯಾಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಆ ಬಯಲು ತೆರೆದುಕೊಳ್ಳುತ್ತದೆ. ಚೆಂಡಿನ ಮೇಲೆ ಎಲ್ಲರ ಕಣ್ಣೂ ಇರುತ್ತದೆ. ತೀರ್ಪುಗಾರರ ಕಣ್ಣು ಇರಬೇಕಾದುದು ಚೆಂಡಿಲ್ಲದವಳ ಪಾದಗಳ ಮೇಲೆ ಮತ್ತು ಆ ಬಯಲಿನ ಮೇಲೆ. ಕಾವಲುಗಾರ್ತಿ ಹಿಂದೆ ಸರಿದು ಅಂತರ ಹೆಚ್ಚಾಯಿತೆಂದರೆ ಎಣಿಕೆ ಅಲ್ಲಿಗೆ ಮುಗಿಯಿತು. ಮತ್ತೆ ಹತ್ತಿರ ಬಂದರೆ ಒಂದರಿಂದಲೇ ಆರಂಭ. ಚೆಂಡುಳ್ಳವಳು ಒಂದು ಪಾದವನ್ನು ಊರಿ ಸುತ್ತ ತಿರುಗಿ ಬೆನ್ನು ತೋರಿಸಿದಳೆಂದು ಮಾತ್ರ ಎಣಿಕೆ ನಿಲ್ಲದು. ಕಾವಲುಗಾರ್ತಿ ಆತುರಪಟ್ಟು ಅವಳ ತೋಳಿಗೆ ಹೊಡೆದಳೋ, ತೆರೆದಿರಬೇಕಾದ ಅಂಗೈ ಮುಷ್ಟಿಯಾಗುತ್ತದೆ. ನಾಲ್ಕು ಸೆಕೆಂಡು ಮುಟ್ಟದೆ ಕಾದ ಶ್ರಮವೆಲ್ಲ ವ್ಯರ್ಥ.

ಕಾಲದ ಮಾತು ಇದಕ್ಕಿಂತ ಸೂಕ್ಷ್ಮ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತ "ಒಂದು, ಎರಡು, ಮೂರು" ಎಂದು ಕೂಗತೊಡಗಿದರೆ ಐದು ಸೆಕೆಂಡು ಮೂರರಲ್ಲಿಯೇ ಮುಗಿದುಹೋಗುತ್ತದೆ! "ಸಾವಿರದ ಒಂದು, ಸಾವಿರದ ಎರಡು" ಎಂದು ಮನಸ್ಸಿನಲ್ಲಿ ಸಮವಾಗಿ ಹೇಳಿಕೊಂಡರೆ ಒಂದೊಂದಕ್ಕೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಗಡಿಯಾರವನ್ನು ಮುಂದಿಟ್ಟುಕೊಂಡು ನೀವೇ ಪರೀಕ್ಷಿಸಿ ನೋಡಬಹುದು. ಭಜನೆಯಲ್ಲಿ ತಾಳ ಹಾಕುವವನು ಹಾಡು ಏರಿದರೂ ತನ್ನ ಲಯವನ್ನು ಬಿಡದಿರುವಂತೆ, ಬಯಲು ಹುಚ್ಚೆದ್ದರೂ ತೀರ್ಪುಗಾರರ ಕೈ ತನ್ನ ಲಯವನ್ನು ಬಿಡಬಾರದು. ಬೇಗ ಎಣಿಸಿದರೆ ಚೆಂಡುಳ್ಳವಳಿಗೆ ಅನ್ಯಾಯ. ತಡವಾಗಿ ಎಣಿಸಿದರೆ ಬೆವರು ಸುರಿಸಿ ತಡೆದು ನಿಂತವಳಿಗೆ ಅನ್ಯಾಯ. ಈ ಎರಡನೆಯ ಅನ್ಯಾಯ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದ ಅದು ಹೆಚ್ಚು ನಡೆಯುತ್ತದೆ.

ಕೈಬೀಸಿ ಎಣಿಸಬೇಕೆಂಬ ಕಟ್ಟಳೆಗೆ ಕಾರಣವೂ ಇದೇ. ಎಣಿಕೆಯು ಮನಸ್ಸಿನೊಳಗೇ ನಡೆದರೆ ಅದಕ್ಕೆ ಸಾಕ್ಷಿಯಿಲ್ಲ. ಕೈ ಹೊರಗೆ ಬೀಸುತ್ತಿದ್ದರೆ ಎಲ್ಲಿ ಆರಂಭವಾಯಿತು, ಎಲ್ಲಿ ನಿಂತಿತು, ಸಮವಾಗಿತ್ತೇ ಎಂಬುದನ್ನು ಎರಡು ತಂಡದವರೂ ನೋಡಬಲ್ಲರು. ತೀರ್ಪು ಕೊಡುವವರು ತಮ್ಮ ಯೋಚನೆಯನ್ನು ಎಲ್ಲರೆದುರು ತೆರೆದಿಟ್ಟಂತಾಯಿತು.

2017ರ ಜುಲೈ ತಿಂಗಳಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯು ಬೆಂಗಳೂರಿನಲ್ಲಿ ನಡೆಯಿತು. ಬಿ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಎ ವಿಭಾಗದಲ್ಲಿ ಜಪಾನ್ ಆಸ್ಟ್ರೇಲಿಯವನ್ನು 74-73ರಿಂದ ಗೆದ್ದಿತು. ಒಂದರಲ್ಲಿ ಎರಡು ಅಂಕ, ಇನ್ನೊಂದರಲ್ಲಿ ಒಂದೇ ಅಂಕ! ಇಂಥ ಪಂದ್ಯದಲ್ಲಿ ಚೆಂಡು ಒಮ್ಮೆ ಕೈಬದಲಾದರೂ ಫಲಿತಾಂಶ ಬೇರೆಯಾಗಬಹುದು. ಅಂಥ ಪಂದ್ಯಾವಳಿಗಳಲ್ಲಿ ಆಟದ ಅವಧಿಗೆ ವಿದ್ಯುತ್ ಗಡಿಯಾರವಿರುತ್ತದೆ, ಬುಟ್ಟಿಗೆ ಎಸೆಯಬೇಕಾದ ಇಪ್ಪತ್ತನಾಲ್ಕು ಸೆಕೆಂಡುಗಳಿಗೆ ಇನ್ನೊಂದು ಗಡಿಯಾರವಿರುತ್ತದೆ. ನಿಕಟ ಕಾವಲಿನ ಐದು ಸೆಕೆಂಡುಗಳಿಗೆ ಮಾತ್ರ ಗಡಿಯಾರವಿಲ್ಲ. ಅಲ್ಲಿಯೂ ತೀರ್ಪುಗಾರರ ಕೈಯೇ ಗಡಿಯಾರ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಕೊಪ್ಪಳದ ಬಿಸಿಲಿನ ಬಯಲು ಅಂಕಣಕ್ಕೂ ರಾಜಧಾನಿಯ ಒಳಾಂಗಣಕ್ಕೂ ಎಷ್ಟೋ ವಿಷಯಗಳಲ್ಲಿ ಅಂತರವಿದೆ. ಈ ಒಂದು ವಿಷಯದಲ್ಲಿ ಇಲ್ಲ.

ನಮ್ಮ ಪಂದ್ಯಕ್ಕೆ ಹಿಂದಿರುಗೋಣ. ಕುಷ್ಟಗಿಯವಳಿಗೆ ದಾರಿ ಸಿಗಲಿಲ್ಲ, ಎಣಿಕೆ ಐದಾಯಿತು. ಪೀಪಿಯ ಸದ್ದಿನೊಡನೆ ತೆರೆದ ಅಂಗೈ ಮೇಲೇರಿತು, ಬಳಿಕ ಐದು ಬೆರಳುಗಳು ಬಿಡಿಬಿಡಿಯಾಗಿ ಕಂಡುವು, ತೋರುಬೆರಳು ಯಲಬುರ್ಗಾದವರು ಆಡುವ ದಿಕ್ಕನ್ನು ತೋರಿತು. ಕಾವಲುಗಾರ್ತಿ ಚೆಂಡನ್ನು ಮುಟ್ಟದೆಯೇ ಅದನ್ನು ತನ್ನ ತಂಡಕ್ಕೆ ದೊರಕಿಸಿಕೊಟ್ಟಳು. ಈಗ ಅವರಲ್ಲೊಬ್ಬಳು ಪಕ್ಕದ ಗೆರೆಯ ಹೊರಗೆ ನಿಂತು ಚೆಂಡನ್ನು ಒಳಗೆ ಎಸೆಯಬೇಕು. ಅವಳಿಗೂ ಐದೇ ಸೆಕೆಂಡು. ತೀರ್ಪುಗಾರರು ಚೆಂಡನ್ನು ಅವಳ ಕೈಗಿತ್ತು ಎರಡು ಹೆಜ್ಜೆ ಹಿಂದೆ ಸರಿದರು. ಕೈ ಮತ್ತೆ ಬೀಸತೊಡಗಿತು.