ಕ್ಯಾಮೆರಾ ತಡವಾಗಿ ಬರುತ್ತದೆ

ತಂಗೀ, ಹಾಡು ಕಲಿಯುವ ನಿನ್ನ ವಯಸ್ಸಿನವರೆಲ್ಲ ಫೋನಿನಲ್ಲಿ ಹಳೆಯ ಕಛೇರಿಗಳನ್ನು ನೋಡುತ್ತೀರಿ. ನೋಡಬೇಡಿ ಅನ್ನುವ ಅಜ್ಜ ನಾನಲ್ಲ. ನಾಗಪುರದ ಪ್ರತಾಪ ನಗರದ ಈ ಮನೆಯಲ್ಲಿ, ಹೊರಗೆ ಕಾಲಿಡಲಾಗದ ಮೇ ತಿಂಗಳ ಮಧ್ಯಾಹ್ನಗಳಲ್ಲಿ, ಕೂಲರ್ ಸದ್ದಿನ ನಡುವೆ ನಾನು ಮಾಡುವುದೂ ಅದನ್ನೇ. ಆದರೆ ಮೊನ್ನೆ ಭೀಮಸೇನ ಜೋಶಿಯವರ ತಾನಿನ ತುಣುಕೊಂದನ್ನು ತೋರಿಸಿ “ಅಜ್ಜಾ, ಕೈ ಹೆಂಗ ಒಗೀತಾರ ನೋಡ್ರಿ” ಅಂದೆಯಲ್ಲ, ಅವತ್ತೇ ಹೇಳಬೇಕೆಂದಿದ್ದೆ. ಕೈ ಒಗೆಯುವುದು ಕಡೆಗೆ ಬರುವಂಥದ್ದು. ಅದಕ್ಕೂ ಮುಂಚೆ ಅಷ್ಟು ಹೊತ್ತು ಅವರು ಏನು ಮಾಡುತ್ತಿದ್ದರು, ಅದನ್ನು ನೋಡು.

ಷಡ್ಜದ ಮೇಲೆ ಎಷ್ಟು ಹೊತ್ತು ಕೂತರು, ತಂಬೂರಿ ಸರಿಯಿಲ್ಲ ಅನ್ನಿಸಿದಾಗ ಹಿಂದೆ ಹೇಗೆ ತಿರುಗಿದರು, ತಬಲಾದವನಿಗೆ ಲಯ ಹೇಗೆ ತೋರಿಸಿದರು, ಇವೆಲ್ಲ ತುಣುಕಿನಲ್ಲಿ ಸಿಗುವುದಿಲ್ಲ. ಜೋಶಿಯವರ ಮೇಲೆ ಗುಲ್ಜಾರ್ ಮಾಡಿದ ಸಾಕ್ಷ್ಯಚಿತ್ರ ಇದೆ, ಒಳ್ಳೆಯದೇ. ಆದರೆ ಸಾಕ್ಷ್ಯಚಿತ್ರಕ್ಕೆ ಕತೆ ಹೇಳುವ ಅವಸರ. ರಾಗ ಬಿಚ್ಚಿಕೊಳ್ಳುವ ಹೊತ್ತಿಗೆ ಕತ್ತರಿ ಬಿದ್ದಿರುತ್ತದೆ. ಕಲಿಯುವವಳಿಗೆ ನಾನು ಹೇಳುವುದಾದರೆ ದೂರದರ್ಶನದ ಹಳೆಯ ಮುದ್ರಿಕೆಗಳೇ ಮೇಲು. ಪ್ರಸಾರ ಭಾರತಿಯವರು ಎಷ್ಟೋ ಹೊರಗೆ ಬಿಟ್ಟಿದ್ದಾರೆ. ಬಣ್ಣ ಮಾಸಿದೆ, ಹಿಂದಿನ ಪರದೆ ನೋಡಿದರೆ ನಗು ಬರುತ್ತದೆ, ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ನಿಂತಿದ್ದೇ ನಮ್ಮ ಪುಣ್ಯ. ಮುಖಕ್ಕೆ ಮುಖ ತಾಗಿಸಿ ತೆಗೆಯುವ ಈಗಿನ ಚಿತ್ರೀಕರಣದಲ್ಲಿ ಹಾಡುವವರ ಬೆವರು ಕಾಣುತ್ತದೆ, ಜೊತೆಗಾರರು ಕಾಣುವುದಿಲ್ಲ.

ಜೊತೆಗಾರರು ಕಾಣಬೇಕು ಎಂದು ಯಾಕೆ ಇಷ್ಟು ಹೇಳುತ್ತೇನೆಂದರೆ, ಗಂಗೂಬಾಯಿ ಹಾನಗಲ್ ಹಾಡುವುದನ್ನು ನೋಡು. ಪಕ್ಕದಲ್ಲಿ ಮಗಳು ಕೃಷ್ಣಾ ಇರುತ್ತಾರೆ. ತಾಯಿ ಒಂದು ಸ್ವರದ ಮೇಲೆ ನಿಂತು ಉಸಿರು ತೆಗೆದುಕೊಳ್ಳುವಾಗ ಮಗಳು ಅದನ್ನು ಎತ್ತಿಕೊಳ್ಳುತ್ತಾರೆ, ತಾಯಿ ತಿರುಗಿಯೂ ನೋಡುವುದಿಲ್ಲ. ಬರೀ ಕಿವಿಗೆ ಅದು ಎರಡು ದನಿ. ಕಣ್ಣಿಗೆ ಅದು ಒಂದು ಮನೆಯ ದುಡಿಮೆ. ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮುಂದೆ ಕೂತು ಕಲಿತ ಹೆಂಗಸು, ಗಂಟಲಿನ ಶಸ್ತ್ರಚಿಕಿತ್ಸೆಯ ಮೇಲೆ ದಪ್ಪಗಾದ ದನಿಯನ್ನೇ ತನ್ನ ದನಿ ಮಾಡಿಕೊಂಡ ಹೆಂಗಸು, ಮಗಳ ಸರದಿ ಬಂದಾಗ ಸುಮ್ಮನೆ ದಾರಿ ಬಿಡುವುದನ್ನು ನೋಡಿ ಕಲಿ. ನಿನ್ನ ಸಮವಯಸ್ಕರಲ್ಲಿ ಆ ಗುಣ ಕಡಿಮೆ, ಬೇಸರ ಮಾಡಿಕೊಳ್ಳಬೇಡ.

ಕುಮಾರ ಗಂಧರ್ವರದು ಇನ್ನೊಂದು ಪಾಠ. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಹುಡುಗ. ಕ್ಷಯದಿಂದ ವರ್ಷಗಟ್ಟಲೆ ದೇವಾಸದಲ್ಲಿ ಮಲಗಿ, ಒಂದು ಶ್ವಾಸಕೋಶ ಕಳೆದುಕೊಂಡು ಮತ್ತೆ ಹಾಡಲು ಎದ್ದವರು. ಅವರ ಹಾಡನ್ನು ಒಮ್ಮೆ ಸದ್ದು ಬಂದ್ ಮಾಡಿ ನೋಡು. ಭುಜ ಯಾವಾಗ ಏಳುತ್ತದೆ, ಬಾಯಿ ಯಾವಾಗ ಮುಚ್ಚುತ್ತದೆ, ಸಣ್ಣ ಉಸಿರನ್ನು ಎಲ್ಲಿ ಅಡಗಿಸುತ್ತಾರೆ, ಎಲ್ಲ ತಿಳಿಯುತ್ತದೆ. ಆಮೇಲೆ ಕಣ್ಣು ಮುಚ್ಚಿ ಕೇಳು. ನಾವು ಶೈಲಿ ಎಂದು ಕರೆಯುವುದರಲ್ಲಿ ದೇಹದ ಲೆಕ್ಕಾಚಾರ ಎಷ್ಟಿದೆ ಎಂದು ಆಗ ಗೊತ್ತಾಗುತ್ತದೆ. ಎರಡು ಆರೋಗ್ಯವಂತ ಶ್ವಾಸಕೋಶ ಇರುವ ನೀನು ಅವರ ತುಂಡು ತುಂಡು ಉಸಿರನ್ನು ನಕಲು ಮಾಡಿದರೆ ಅದಕ್ಕೆ ಏನು ಅರ್ಥ?

ಈಗ ಮುಖ್ಯ ಮಾತು. ದೊಡ್ಡವರ ಹತ್ತಿರ ಕ್ಯಾಮೆರಾ ಯಾವಾಗಲೂ ತಡವಾಗಿ ಬಂದಿದೆ. ಸತ್ಯಜಿತ್ ರಾಯ್ ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, 1935ರಲ್ಲಿ, ಕಲಕತ್ತೆಯಲ್ಲಿ ಬಾಲಸರಸ್ವತಿಯವರ ನೃತ್ಯ ನೋಡಿದ್ದರು. ಅವರ ಮೇಲೆ ‘ಬಾಲಾ’ ಚಿತ್ರ ಮಾಡಲು ಸಾಧ್ಯವಾದದ್ದು 1976ರಲ್ಲಿ. ಆಗ ಆಕೆಗೆ 58. ಚಿತ್ರೀಕರಣವೇ ಆಗದೆ ಹೋಗುವುದಕ್ಕಿಂತ 58ರಲ್ಲಾದರೂ ಆಯಿತಲ್ಲ ಎಂದು ರಾಯ್ ಸಮಾಧಾನ ಪಟ್ಟುಕೊಂಡರು. ಆ ಚಿತ್ರದಲ್ಲಿ ಕಡಲ ದಂಡೆಯ ಮೇಲೆ ಆಕೆ ಅಭಿನಯಿಸುವುದು ನಮ್ಮ ಭಾಷೆಯ ಪದವನ್ನು. ಕೃಷ್ಣನನ್ನು ಬೇಗ ಬಾರೆಂದು ಕರೆಯುವ, ವ್ಯಾಸರಾಯರ ದೇವರನಾಮ. ಗಾಳಿಗೆ ಸೆರಗು ಹಾರುತ್ತದೆ, ಹಿಂದೆ ಅಲೆ. ಕಡಲು ಯಾಕೆ ಬೇಕಿತ್ತು, ಬರಿಯ ಗೋಡೆಯ ಮುಂದೆ ತೆಗೆದಿದ್ದರೆ ಸಾಕಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೂ ಆ ಮುಖ ನೋಡು. ಮೈ ಭಾರವಾಗಿದೆ, ಹರೆಯ ಮುಗಿದಿದೆ. ಕೂಸನ್ನು ಕರೆಯುವ ತಾಯಿ ಮಾತ್ರ ಪೂರ್ತಿ ಉಳಿದಿದ್ದಾಳೆ. ವಯಸ್ಸು ಏನನ್ನು ಕಸಿದುಕೊಳ್ಳುತ್ತದೆ, ಏನನ್ನು ಮುಟ್ಟಲಾರದು ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರ ನಾನು ನೋಡಿಲ್ಲ.

ಇದು ನಮ್ಮ ದೇಶದ ಹಣೆಬರಹ ಮಾತ್ರ ಅಂದುಕೊಳ್ಳಬೇಡ. 1956ರಲ್ಲಿ ಮಾಸ್ಕೋದ ಬೊಲ್ಶಾಯ್ ಬ್ಯಾಲೆ ತಂಡ ಲಂಡನ್ನಿಗೆ ಬಂದಾಗ ಪಾಲ್ ಸಿನ್ನರ್ ಎಂಬ ನಿರ್ದೇಶಕ ಗಲೀನಾ ಉಲನೋವಾ ಅವರ ‘ಜಿಜೆಲ್’ ಅನ್ನು ಚಿತ್ರೀಕರಿಸಿದ. ಹಳ್ಳಿಯ ಹದಿಹರೆಯದ ಹುಡುಗಿಯ ಪಾತ್ರ. ಆಕೆಗೆ ಆಗ 46. ಒಪೆರಾ ಲೋಕವನ್ನೇ ಆಳಿದ ಮರಿಯಾ ಕಲ್ಲಾಸ್ ಅವರದಂತೂ ಒಂದು ಇಡೀ ಒಪೆರಾದ ಚಿತ್ರ ಕೂಡ ಇಲ್ಲ. 1964ರಲ್ಲಿ ಲಂಡನ್ನಿನಲ್ಲಿ ತೆಗೆದ ‘ಟೋಸ್ಕಾ’ದ ಎರಡನೆಯ ಅಂಕ, ಕೆಲವು ಕಛೇರಿಗಳು, ಅಷ್ಟರಲ್ಲೇ ಜಗತ್ತು ತೃಪ್ತಿಪಟ್ಟುಕೊಂಡಿದೆ. ಅಷ್ಟು ಹಣ, ಅಷ್ಟು ಯಂತ್ರ ಇದ್ದವರ ಕತೆ ಇದು. ಇನ್ನು ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ವಿಷಯ ಹೇಳುವುದೇನು? ಅವರನ್ನು ತಿಳಿಯಬೇಕಾದರೆ ಶಿಷ್ಯರ ಮೂಲಕವೇ ಹೋಗಬೇಕು. ಆ ದಾರಿಯಲ್ಲಿ ನಮಗೆ ಸಿಗುವವರು ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು, ಖಾನರ ಮಕ್ಕಳಾದ ಮಂಜೀಖಾನ್, ಬುರ್ಜೀಖಾನರಲ್ಲಿ ಕಲಿತವರು. ನಂದನ್ ಕುಡ್ಯಾಡಿಯವರು ಅವರ ಮೇಲೆ ಮಾಡಿದ ‘ರಸಯಾತ್ರಾ’ ಹೊರಬಂದು ರಾಷ್ಟ್ರಪ್ರಶಸ್ತಿ ಪಡೆದದ್ದು 1994ರ ಚಿತ್ರವಾಗಿ. ಮನ್ಸೂರರು 1992ರ ಸೆಪ್ಟೆಂಬರಿನಲ್ಲೇ ತೀರಿಕೊಂಡಿದ್ದರು.

ನಮ್ಮ ನಾಗಪುರದ ಮಾತಿಗೆ ಬರೋಣ. ಸಿವಿಲ್ ಲೈನ್ಸಿನ ಸಭಾಗೃಹಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ವಸಂತರಾವ್ ದೇಶಪಾಂಡೆ ಇದೇ ಊರಿನಲ್ಲಿ ಶಂಕರರಾವ್ ಸಪ್ರೆಯವರ ಹತ್ತಿರ ಪಾಠ ಹೇಳಿಸಿಕೊಂಡವರು. ನಿಮ್ಮ ತಲೆಮಾರಿಗೆ ಅವರು ಗೊತ್ತಾದದ್ದು ‘ಮೀ ವಸಂತರಾವ್’ ಸಿನಿಮಾದಿಂದ. ಮೊಮ್ಮಗ ರಾಹುಲ್ ಅಜ್ಜನ ಪಾತ್ರ ಮಾಡಿ, ತಾನೇ ಹಾಡಿದ್ದಾನೆ, ಚೆನ್ನಾಗಿಯೇ ಹಾಡಿದ್ದಾನೆ. ಆದರೆ ಸಿನಿಮಾ ಮುಗಿದ ಮೇಲೆ ಅಜ್ಜನನ್ನೇ ಹುಡುಕಿ ಕೇಳಬೇಕು. ಮೊಮ್ಮಗ ಎಷ್ಟು ಪ್ರೀತಿಯಿಂದ ಮಾಡಿದರೂ ಅಜ್ಜನ ಒರಟುತನ ಬರುವುದಿಲ್ಲ.

ಅದೇ ಸಭಾಗೃಹದಲ್ಲಿ ಈಗ ಹಾಡು ಶುರುವಾದ ಕೂಡಲೇ ಎದುರಿಗೆ ನೂರು ಫೋನು ಏಳುತ್ತವೆ. ದ್ರುತ್ ಬಂದಾಗ ಒಂದು ನಿಮಿಷ ತೆಗೆದು ಸ್ಟೇಟಸ್ಸಿಗೆ ಹಾಕಿ ಕೆಳಗಿಳಿಸುತ್ತಾರೆ. ತಡವಾಗಿ ಬರುತ್ತಿದ್ದ ಕ್ಯಾಮೆರಾ ಈಗ ಬೇಗ ಬಂದು ಬೇಗ ಎದ್ದು ಹೋಗುತ್ತಿದೆ, ನಷ್ಟ ಮಾತ್ರ ಅಷ್ಟೇ. ನೀನು ಹಾಗೆ ಮಾಡಬೇಡ. ನಿನ್ನ ಗುರುಗಳಿಗೆ ವಯಸ್ಸಾಗಿದೆ. ತ್ರಿಮೂರ್ತಿ ನಗರ, ಖಾಮ್ಲಾ ಕಡೆಯ ಮನೆ ಬೈಠಕ್ಕುಗಳಲ್ಲಿ ಹಾಡುವ ಎಷ್ಟೋ ಹಿರಿಯರ ಹಾಡನ್ನು ಯಾವ ಟೀವಿಯವರೂ ಬಂದು ತೆಗೆಯುವುದಿಲ್ಲ. ಮೊದಲು ಅವರ ಅಪ್ಪಣೆ ಕೇಳು. ಬೇಡ ಅಂದರೆ ಫೋನು ಚೀಲದೊಳಗೆ ಇಡು, ಮುಖ ಸಣ್ಣ ಮಾಡಬೇಡ. ಒಪ್ಪಿದರೆ ಫೋನನ್ನು ಅಡ್ಡ ಹಿಡಿದು ಸ್ಟ್ಯಾಂಡಿಗೆ ಸಿಕ್ಕಿಸು, ತಬಲಾ, ಪೇಟಿ, ತಂಬೂರಿ ಎಲ್ಲ ಒಳಗೆ ಬರುವಷ್ಟು ದೂರ. ಸದ್ದಿಗೆ ಬೇರೆ ಮೈಕು ಹತ್ತಿರದಲ್ಲಿರಲಿ. ಶ್ರುತಿ ಕೂಡಿಸುವಾಗಲೇ ಶುರು ಮಾಡು, ಅವರು ಎದ್ದು ನೀರು ಕುಡಿದ ಮೇಲೆ ನಿಲ್ಲಿಸು. ನಡುವೆ ಕೆಮ್ಮಿದ್ದನ್ನು, ಶಿಷ್ಯರಿಗೆ ಗದರಿದ್ದನ್ನು ಕತ್ತರಿಸಬೇಡ. ಅದನ್ನು ಜಾಲತಾಣಕ್ಕೆ ಹಾಕುವ ವಿಚಾರ ಬೇರೆ. ಅದಕ್ಕೆ ಇನ್ನೊಮ್ಮೆ ಅಪ್ಪಣೆ ಬೇಕು.

ಮತ್ತೆ ಬರೆದಿಡು. ಆರ್ನಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1938ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಕಡೆ ಅಲೆದು ಹಾಡು, ಕುಣಿತಗಳನ್ನು ಮುದ್ರಿಸಿದ್ದ. ಯಾವ ಊರು, ಯಾವ ಹಾಡು ಎಂಬ ಗುರುತು ಉಳಿದಿದ್ದರಿಂದಲೇ 1984ರಲ್ಲಿ ನಾಝಿರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಜಾಡು ಹಿಡಿದು ಹೋಗಿ, ಏನು ಉಳಿದಿದೆ, ಏನು ಬದಲಾಗಿದೆ ಎಂದು ನೋಡಲು ಸಾಧ್ಯವಾಯಿತು. ನಿನ್ನ ಫೋನಿನಲ್ಲಿರುವ ವಿಡಿಯೋಗಳ ಹೆಸರು ಈಗ ಬರೀ ಅಂಕಿಗಳ ಸಾಲು. ಇನ್ನು ಐವತ್ತು ವರ್ಷಕ್ಕೆ ಅದನ್ನು ನೋಡುವವರಿಗೆ ಹಾಡಿದವರು ಯಾರೆಂದು ನಿನ್ನ ಬಿಟ್ಟು ಇನ್ನಾರು ಹೇಳಬೇಕು? ತಾರೀಖು, ಮನೆ, ರಾಗ, ಚೀಜು, ಹಾಡಿದವರ ಹೆಸರು, ಎಲ್ಲ ಒಂದು ನೋಟುಬುಕ್ಕಿನಲ್ಲಿ ಬರಿ. ಮುದ್ರಿಕೆಯ ಪ್ರತಿ ಎರಡು ಕಡೆ ಇಡು. ಹಿಂದೆ ಕೂತು ತಂಬೂರಿ ಮೀಟಿದ ಹುಡುಗಿಯರ ಹೆಸರನ್ನೂ ಮರೆಯದೆ ಬರಿ, ತಂಗೀ. ಈ ಭಾನುವಾರ ಗುರುಗಳ ಹತ್ತಿರ ಹೋದಾಗಲೇ ಕೇಳಿಬಿಡು.