ರಕ್ತರಸ ಬದಲಾವಣೆ: ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ತಿಳಿಯಬೇಕಾದುದು

ದೇಹವನ್ನೇ ದೇಗುಲವೆಂದು ತಿಳಿದ ಶರಣರ ದೃಷ್ಟಿಯಲ್ಲಿ ದೇಹರಕ್ಷಣೆಯೂ ಸಾಧನೆಯ ಒಂದು ಅಂಗ. ಈ ದೇಗುಲದೊಳಗೆ ರಕ್ತವು ಸದಾ ಜಂಗಮವಾಗಿರಬೇಕು. ಗಾಯವಾದೆಡೆ ಮಾತ್ರ ಹೆಪ್ಪುಗಟ್ಟಿ ನಿಲ್ಲಬೇಕು. ಹೃದಯಕ್ಕೆ ಕೃತಕ ಕವಾಟ ಅಳವಡಿಸಿಕೊಂಡವರು, ಹೃದಯಬಡಿತದಲ್ಲಿ ಏರುಪೇರಿರುವವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು ರಕ್ತ ತೆಳುವಾಗಿಸುವ ಔಷಧಿ ಸೇವಿಸುವುದು ಇದಕ್ಕಾಗಿಯೇ. ವಾಸ್ತವದಲ್ಲಿ ಈ ಔಷಧಿ ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪುಗಟ್ಟುವ ಕ್ರಿಯೆಯನ್ನು ನಿಧಾನಗೊಳಿಸುತ್ತದೆ. ಇಂಥವರಿಗೆ ರಕ್ತರಸ ಬದಲಾವಣೆಯ ಚಿಕಿತ್ಸೆ ಬೇಕಾದಾಗ ವಿಶೇಷ ಎಚ್ಚರ ಅಗತ್ಯ.

ಚಿಕಿತ್ಸೆಯ ಸ್ವರೂಪ

ರಕ್ತದ ಅರ್ಧಕ್ಕಿಂತ ತುಸು ಹೆಚ್ಚು ಭಾಗ ರಕ್ತರಸ, ಅಂದರೆ ಪ್ಲಾಸ್ಮಾ. ಗಿಲನ್-ಬಾರೆ, ಮಯಸ್ತೇನಿಯಾ ಗ್ರೇವಿಸ್ ಮೊದಲಾದ ಕಾಯಿಲೆಗಳಲ್ಲಿ ದೇಹವನ್ನು ರಕ್ಷಿಸಬೇಕಾದ ಪ್ರತಿಕಾಯಗಳೇ ಅದರ ನರ, ಸ್ನಾಯುಗಳಿಗೆ ಹಾನಿ ಮಾಡುತ್ತವೆ. ಅವು ಇರುವುದು ರಕ್ತರಸದಲ್ಲಿ. ಯಂತ್ರದ ಮೂಲಕ ರಕ್ತವನ್ನು ಹಾಯಿಸಿ, ರಕ್ತಕಣಗಳನ್ನು ಮರಳಿಸಿ, ರಕ್ತರಸವನ್ನು ಮಾತ್ರ ಹೊರತೆಗೆಯುತ್ತಾರೆ. ಬದಲಿಗೆ ಆಲ್ಬುಮಿನ್ ದ್ರಾವಣವನ್ನೋ ದಾನಿಗಳ ರಕ್ತರಸವನ್ನೋ ತುಂಬುತ್ತಾರೆ. ಒಂದು ಬಾರಿಗೆ ಸುಮಾರು 2.5ರಿಂದ 4 ಲೀಟರ್‌ನಂತೆ, ಹೆಚ್ಚಾಗಿ ದಿನ ಬಿಟ್ಟು ದಿನ, ನಾಲ್ಕರಿಂದ ಆರು ಬಾರಿ ಇದು ನಡೆಯುತ್ತದೆ.

ಎರಡು ಕಡೆಯ ಅಪಾಯ

ಹೊರಹೋಗುವ ರಕ್ತರಸದಲ್ಲಿ ಕೆಡುಕಿನ ಪ್ರತಿಕಾಯಗಳು ಮಾತ್ರ ಇರುವುದಿಲ್ಲ. ರಕ್ತಸ್ರಾವ ನಿಲ್ಲಿಸುವ ಫೈಬ್ರಿನೋಜೆನ್ ಮುಂತಾದ ಪ್ರೋಟೀನ್‌ಗಳೂ ಹೋಗುತ್ತವೆ. ಆಲ್ಬುಮಿನ್ ಮಾತ್ರ ತುಂಬಿದಾಗ ಈ ಕೊರತೆ ಎದ್ದು ಕಾಣುತ್ತದೆ. ಬಹುಪಾಲು ಅಂಶಗಳು ಒಂದು ದಿನದಲ್ಲಿ ಚೇತರಿಸಿಕೊಂಡರೂ ಫೈಬ್ರಿನೋಜೆನ್‌ಗೆ ಎರಡು ಮೂರು ದಿನ ಬೇಕು. ಆ ಅವಧಿಯಲ್ಲಿ ಔಷಧಿಯ ಪ್ರಭಾವವೂ ಸೇರಿದರೆ ರಕ್ತಸ್ರಾವದ ಭಯವಿದೆ.

ಇನ್ನೊಂದು ಕಡೆ, ಹೆಪ್ಪುಗಟ್ಟದಂತೆ ಕಾಯುವ ಆಂಟಿಥ್ರಾಂಬಿನ್ ಎಂಬ ಪ್ರೋಟೀನ್ ಕೂಡ ಹೊರಹೋಗುತ್ತದೆ. ಹೆಪಾರಿನ್ ಚುಚ್ಚುಮದ್ದು ಕೆಲಸ ಮಾಡುವುದೇ ಇದರ ನೆರವಿನಿಂದ. ಆದ್ದರಿಂದ ಅದರ ಶಕ್ತಿ ಕುಂದಬಹುದು. ಗಿಲನ್-ಬಾರೆ ರೋಗಿಯು ಹಾಸಿಗೆ ಹಿಡಿದಿರುವುದರಿಂದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವೂ ಹೆಚ್ಚು.

ಔಷಧಿಗಳ ಗತಿ

ವಾರ್ಫರಿನ್ ಬಹುತೇಕ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಅದರ ಒಂದು ಪಾಲು ರಕ್ತರಸದೊಡನೆ ಹೊರಹೋಗಬಹುದು. ಆದರೂ ಅದರ ಪರಿಣಾಮವನ್ನು ಅಳೆಯುವ ಐ.ಎನ್.ಆರ್. ಸಂಖ್ಯೆಯು ಆಲ್ಬುಮಿನ್ ತುಂಬಿದ ಬಳಿಕ ಏರುತ್ತದೆ, ದಾನಿಯ ರಕ್ತರಸ ತುಂಬಿದರೆ ಇಳಿಯಬಹುದು. ಆದ್ದರಿಂದ ಚಿಕಿತ್ಸೆಯ ಬೆನ್ನಿಗೇ ಮಾಡಿದ ಪರೀಕ್ಷೆಯೊಂದನ್ನೇ ನೆಚ್ಚಿ ಮಾತ್ರೆಯ ಪ್ರಮಾಣ ಬದಲಿಸುವುದು ಸರಿಯಲ್ಲ. ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳ ರೀತಿ ಬೇರೆ. ಅವುಗಳ ಪ್ರಭಾವ ಪ್ಲೇಟ್‌ಲೆಟ್ ಕಣಗಳ ಮೇಲೆ ಆಗಿಹೋಗಿರುತ್ತದೆ; ಆ ಕಣಗಳು ದೇಹದಲ್ಲೇ ಉಳಿಯುವುದರಿಂದ ಪ್ರಭಾವವೂ ಉಳಿಯುತ್ತದೆ.

ರೋಗಿಯೂ ಮನೆಯವರೂ ಮಾಡಬೇಕಾದುದು

1. ಸೇವಿಸುವ ಎಲ್ಲ ಔಷಧಿಗಳ ಹೆಸರು, ಪ್ರಮಾಣ ಮತ್ತು ಕೊನೆಯದಾಗಿ ಸೇವಿಸಿದ ಸಮಯವನ್ನು ಬರೆದು ವೈದ್ಯರಿಗೆ ಕೊಡಿ. ಕಷಾಯ, ಚೂರ್ಣಗಳನ್ನೂ ಮುಚ್ಚಿಡಬೇಡಿ.

2. ಭಯದಿಂದ ಮಾತ್ರೆಯನ್ನು ತಾವಾಗಿ ನಿಲ್ಲಿಸಬೇಡಿ. ಕೃತಕ ಲೋಹದ ಕವಾಟವಿರುವವರಲ್ಲಿ ಇದು ಪ್ರಾಣಕ್ಕೇ ಕುತ್ತಾದೀತು.

3. ಚಿಕಿತ್ಸೆಯ ದಿನ ಮಾತ್ರೆಯನ್ನು ಮೊದಲು ನುಂಗಬೇಕೋ ಅನಂತರವೋ ಎಂದು ಕೇಳಿ ತಿಳಿಯಿರಿ. ಮೊದಲೇ ನುಂಗಿದ ಔಷಧಿ ರಕ್ತರಸದೊಡನೆ ಹೊರಹೋಗುವ ಸಂಭವವಿರುವುದರಿಂದ ಅನೇಕ ವೇಳೆ ಚಿಕಿತ್ಸೆ ಮುಗಿದ ಮೇಲೆ ಕೊಡುವುದುಂಟು.

4. ಕುತ್ತಿಗೆ ಅಥವಾ ತೊಡೆಸಂದಿಯಲ್ಲಿ ನಳಿಕೆ ಹಾಕಿದ ಜಾಗದಿಂದ ರಕ್ತ ಒಸರುವುದು, ಕಪ್ಪು ಮಲ, ತೀವ್ರ ತಲೆನೋವು ಕಂಡರೆ ಕೂಡಲೇ ತಿಳಿಸಿ. ಮಾತು ತೊದಲುವುದು, ಏದುಸಿರು, ಒಂದೇ ಕಾಲಿನ ಊತ ಹೆಪ್ಪುಗಟ್ಟಿದುದರ ಸೂಚನೆಯಾಗಿರಬಹುದು.

5. ಚಿಕಿತ್ಸೆಯ ನಡುವೆ ತುಟಿ, ಬೆರಳುಗಳು ಜುಮುಗುಟ್ಟಿದರೆ ಹೇಳಿ. ಯಂತ್ರದಲ್ಲಿ ಬಳಸುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ತಗ್ಗಿದಾಗ ಹೀಗಾಗುತ್ತದೆ; ಇದನ್ನು ಸರಿಪಡಿಸಬಹುದು.

ರಕ್ತ ತೆಳುವಾಗಿಸುವ ಔಷಧಿ ಸೇವಿಸುತ್ತಿರುವುದು ಈ ಚಿಕಿತ್ಸೆಗೆ ಅಡ್ಡಿಯಲ್ಲ, ಅದನ್ನು ಹೇಳದಿರುವುದೇ ಅಪಾಯ. ಆಸ್ಪತ್ರೆಗೆ ಹೊರಡುವಾಗ ಜೇಬಿನಲ್ಲಿರುವ ಔಷಧಿಯ ಚೀಟಿಯೊಂದು ಜೀವ ಉಳಿಸಬಲ್ಲದು.