ಓಡುವ ಬಸ್ಸು, ಕಡಿಯದ ಮಾತು

ಅಕ್ಕನ ಹೆರಿಗೆ ದಿನ ನಾನು, ಅವ್ವ ಸುರೇಬಾನದಿಂದ ರಾಮದುರ್ಗದ ಬಸ್ಸಿನಲ್ಲಿ ಹೊಂಟಿದ್ದೆವು. ದವಾಖಾನೆಯಿಂದ ಅಪ್ಪನ ಫೋನು. ಊರ ಟವರ್ ಹಿಂದೆ ಉಳಿದರೂ ಮಾತು ಕಡಿಯಲಿಲ್ಲ! ಹೇಗೆ?

ಫೋನು ಮಾತಿನ ನಡುವೆಯೇ ಸುತ್ತಲಿನ ಟವರ್‌ಗಳ ಸಿಗ್ನಲ್ ಅಳೆದು ತನ್ನ ಟವರಿಗೆ ತಿಳಿಸುತ್ತಿರುತ್ತದೆ. ಮುಂದಿನದು ಜೋರಾದರೆ ಹಳೆಯ ಟವರ್ ಅಲ್ಲಿ ಮೊದಲೇ ಜಾಗ ಹಿಡಿಸುತ್ತದೆ. ಬಸ್ಸಿನ್ಯಾಗ ಟವೆಲ್ ಹಾಕಿ ಸೀಟು ಹಿಡಿದಂಗ. ಆಮೇಲೆ ಜಿಗಿತ. 4ಜಿಯಲ್ಲಿ ಅದಕ್ಕೆ ಸಾಮಾನ್ಯವಾಗಿ ಸೆಕೆಂಡಿನ ಹತ್ತರಲ್ಲೊಂದು ಪಾಲೂ ಬೇಡ.

ಯಾರಾದರೂ ಕದ್ದು ಕೇಳಿದರೆ? ಸಿಮ್‌ನೊಳಗಿನ 128 ಬಿಟ್ ಗುಟ್ಟಿನ ಕೀಲಿ ಗಾಳಿಯಲ್ಲಿ ಹೋಗುವುದೇ ಇಲ್ಲ. ಅದರಿಂದ ಹುಟ್ಟಿದ ಮರಿಕೀಲಿ ಮಾತಿಗೆ ಬೀಗ ಹಾಕುತ್ತದೆ. ಟವರ್ ಬದಲಾದರೆ ಮರಿಕೀಲಿಯೂ ಹೊಸದು. ಗುರುತು ಮಾತ್ರ ಮೊದಲಿನಿಂದ ಕೇಳುವುದಿಲ್ಲ; ಕೇಳುತ್ತ ಕೂತರೆ ಮಾತು ತಡೆದೀತು.

ಮುಂದಿನ ಟವರಿನಲ್ಲಿ ಜಾಗವೇ ಇಲ್ಲದಿದ್ದರೆ ಕಡಿಯುವುದೂ ಉಂಟು. ನಮ್ಮ ಪುಣ್ಯ, ‘ಹೆಣ್ಣುಮಗು, ಇಬ್ರೂ ಆರಾಮ ಅದಾರ’ ಅಂದದ್ದು ಪೂರಾ ಕೇಳಿಸಿತು.